ಒಳಗೆ ಬರಬಹುದೇ?

ಕೆಲವು ವರ್ಷಗಳ ಹಿಂದೆ, ಕರಾವಳಿಯ ಊರೊಂದರಲ್ಲಿ, ನನ್ನೊಡನೆ ಬಹುಕಾಲ ಒಂದೇ ಶಾಲೆಯಲ್ಲಿ ಪಾಠ ಹೇಳಿದ ಗೆಳೆಯರೊಬ್ಬರು ತೀರಿಕೊಂಡರು. ಅವರು ಪ್ರಾಟೆಸ್ಟಂಟ್ ಕ್ರೈಸ್ತರು. ಅಂತ್ಯಸಂಸ್ಕಾರದ ಆರಾಧನೆ ಸಂಜೆ ನಾಲ್ಕು ಗಂಟೆಗೆ ಅವರ ದೇವಾಲಯದಲ್ಲಿ ಎಂದು ತಿಳಿದು ಶಾಲೆಯಿಂದ ನಾವು ಹತ್ತು ಹನ್ನೆರಡು ಮಂದಿ ಹೋದೆವು. ಹೋದವರು ಅಂಗಳದ ಮಾವಿನ ಮರದಡಿಯಲ್ಲಿ ನಿಂತುಬಿಟ್ಟೆವು. ಒಳಗಿನಿಂದ ಹಾಡು ಕೇಳಿಬಂತು, ನಿಂತಿತು. ಯಾರೋ ಏನನ್ನೋ ಓದಿದರು. ಮತ್ತೆ ಹಾಡು. ಒಳಗೆ ಹೋಗಬಹುದೋ ಬಾರದೋ, ಹೋದರೆ ಎಲ್ಲಿ ಕುಳಿತುಕೊಳ್ಳಬೇಕು, ಎಲ್ಲರೂ ಮೊಣಕಾಲೂರಿದಾಗ ನಾವೇನು ಮಾಡಬೇಕು—ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಬ್ಬರೂ ಒಪ್ಪಿಕೊಳ್ಳಲಿಲ್ಲ. ‘ಅವರ ಪದ್ಧತಿ ಅವರಿಗೆ, ನಾವು ನಡುವೆ ನುಗ್ಗಬಾರದು’ ಎಂದು ಹಿರಿಯರೊಬ್ಬರು ಹೇಳಿದ್ದನ್ನೇ ವಿವೇಕವೆಂದು ನಂಬಿದೆವು.

ತಿಂಗಳೊಂದು ಕಳೆದು ಗೆಳೆಯರ ಮನೆಗೆ ಹೋದಾಗ ಅವರ ಪತ್ನಿ ಚಹದ ಲೋಟವನ್ನು ಮುಂದಿಟ್ಟು ಕೇಳಿದರು: “ಒಳಗೆ ಯಾಕೆ ಬರಲಿಲ್ಲ ಮಾಷ್ಟ್ರೇ? ಎರಡನೇ ಸಾಲು ನಿಮ್ಮ ಶಾಲೆಯವರಿಗೆ ಅಂತಲೇ ಬಿಟ್ಟಿದ್ದೆವಲ್ಲ.” ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೆ ಶವಪೆಟ್ಟಿಗೆಯ ಸಮೀಪದಲ್ಲಿ ಆ ಸಾಲು ಪೂರ್ತಿ ಖಾಲಿ ಉಳಿದಿತ್ತೆಂಬುದನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ಆ ಬಳಿಕ ನಾನು ಅವಕಾಶ ಒದಗಿದಾಗಲೆಲ್ಲ ಹಲವು ಬಗೆಯ ಚರ್ಚುಗಳಿಗೆ ಹೋಗಿ ಕುಳಿತಿದ್ದೇನೆ. ಕುಳಿತು ಕಂಡದ್ದನ್ನೂ, ಬಲ್ಲವರನ್ನು ಕೇಳಿ ತಿಳಿದದ್ದನ್ನೂ ಈಗ ನಿಮ್ಮ ಮುಂದೆ ಇಡುತ್ತೇನೆ. ದೇವತಾಶಾಸ್ತ್ರದ ವಿಚಾರಗಳನ್ನು ಪಂಡಿತರಿಗೆ ಬಿಡೋಣ. ನೆರೆಮನೆಯವರ ಮದುವೆಗೋ ಮರಣಕ್ಕೋ ಅಥವಾ ಬರಿಯ ಕುತೂಹಲದಿಂದಲೋ ಮೊದಲ ಬಾರಿಗೆ ಹೋಗುವವರಿಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ.

ಮೊದಲು ಹೇಳಬೇಕಾದದ್ದು ಇದು: ಚರ್ಚಿನ ಭಾನುವಾರದ ಆರಾಧನೆ ಸಾರ್ವಜನಿಕವಾದುದು. ಬಾಗಿಲಲ್ಲಿ ನಿಮ್ಮ ಕುಲಗೋತ್ರಗಳನ್ನು ಯಾರೂ ವಿಚಾರಿಸುವುದಿಲ್ಲ, ಚೀಟಿ ಬೇಕಾಗಿಲ್ಲ. ನಗರದ ಕೆಲವು ಚರ್ಚುಗಳಲ್ಲಿ ಬಾಗಿಲ ಬಳಿ ನಿಂತವರೊಬ್ಬರು “ವಂದನೆ” ಎಂದು ಕೈಜೋಡಿಸಿ ಗೀತೆಗಳ ಪುಸ್ತಕವನ್ನೋ ಅಂದಿನ ಕ್ರಮವನ್ನು ಅಚ್ಚುಮಾಡಿದ ಹಾಳೆಯನ್ನೋ ಕೈಗೆ ಕೊಡುತ್ತಾರೆ. ಪಾದರಕ್ಷೆಯ ಮಾತಿಗೆ ಬಂದರೆ, ಒಂದೇ ನಿಯಮವಿಲ್ಲ. ನಗರಗಳ ಹಳೆಯ ಕಲ್ಲುಕಟ್ಟಡಗಳಲ್ಲಿ ಸಾಮಾನ್ಯವಾಗಿ ಮೆಟ್ಟಿಕೊಂಡೇ ಹೋಗುತ್ತಾರೆ. ಚಾಪೆ ಹಾಸಿದ ಸಭಾಗೃಹಗಳಲ್ಲಿ, ಅನೇಕ ಹಳ್ಳಿಗಳಲ್ಲಿ ಹೊರಗೆ ಬಿಡುತ್ತಾರೆ. ಬಾಗಿಲ ಬಳಿ ಚಪ್ಪಲಿಗಳ ರಾಶಿಯಿದೆಯೇ ಎಂದು ನೋಡಿದರೆ ಸಾಕು. ಗಂಡಸರು ಟೋಪಿ ತೆಗೆಯುವುದು ಪದ್ಧತಿ. ಹೆಂಗಸರಲ್ಲಿ ಕೆಲವರು ಸೆರಗು ಹೊದೆಯುತ್ತಾರೆ, ಅತಿಥಿಗಳಿಗೆ ಆ ಕಟ್ಟಳೆಯಿಲ್ಲ. ಎಲ್ಲಿ ಕೂರಬೇಕೆಂಬುದಕ್ಕೆ ನನ್ನ ಅನುಭವದ ಸಲಹೆ: ನಡುವಿಗಿಂತ ತುಸು ಹಿಂದೆ. ಆಗ ಮುಂದಿನವರು ಎದ್ದಾಗ ಏಳಬಹುದು, ಕುಳಿತಾಗ ಕೂರಬಹುದು. ತೀರ ಹಿಂದಿನ ಬೆಂಚುಗಳು ಸಿಗುವುದು ಕಷ್ಟ. ಅವು ಮೊದಲೇ ತುಂಬಿಹೋಗಿರುತ್ತವೆ. ಈ ವಿಷಯದಲ್ಲಿ ಎಲ್ಲ ಮತದವರೂ ಒಂದೇ.

ಕ್ರೈಸ್ತರು ತಮ್ಮ ಕಟ್ಟಡವನ್ನು ಕನ್ನಡದಲ್ಲಿ ‘ದೇವಾಲಯ’ ಎಂದೇ ಕರೆಯುತ್ತಾರೆಂಬುದು ಹೊಸಬರಿಗೆ ಆಶ್ಚರ್ಯವಾಗಬಹುದು. ‘ಸಭೆ’ ಎಂದರೆ ಅಲ್ಲಿ ಭಾಷಣದ ಕೂಟವಲ್ಲ, ಭಕ್ತಸಮುದಾಯ; ಅದನ್ನು ನೋಡಿಕೊಳ್ಳುವವರು ‘ಸಭಾಪಾಲಕರು’. ಬೈಬಲ್ ‘ಸತ್ಯವೇದ’. ಉಪದೇಶಕ್ಕೆ ‘ಪ್ರಸಂಗ’ ಎನ್ನುತ್ತಾರೆ. ಯಕ್ಷಗಾನದ ಸೀಮೆಯವನಾದ ನನಗೆ ಪ್ರಸಂಗವೆಂದರೆ ಬೆಳಗಿನವರೆಗೆ ನಡೆಯುವ ಕಥೆ. ಇಲ್ಲಿ ಅದು ಅರ್ಧ ಗಂಟೆಯಲ್ಲಿ ಮುಗಿದಾಗ ನನಗೇನೋ ಕಡಮೆಯಾದಂತೆನಿಸಿತು. ‘ಆಮೆನ್’ ಹೀಬ್ರೂ ಮಾತು. ಹಾಗೆಯೇ ಆಗಲಿ ಎಂದು ಅರ್ಥ. ಈ ಶಬ್ದಭಾಂಡಾರದ ಹಿಂದೆ ಎರಡು ಶತಮಾನಗಳ ಭಾಷಾಂತರದ ದುಡಿಮೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಪೈಕಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವನ್ನೂ, 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನೂ ಎಲ್ಲರೂ ಬಲ್ಲರು. ಅದೇ ಕಿಟ್ಟೆಲರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಬರೆದರೆಂಬುದನ್ನು ಬಲ್ಲವರು ಕಡಮೆ.

ಹಾಡಿನ ಹೊಣೆ ಸೇರಿದವರೆಲ್ಲರದು. ವಾದ್ಯವೂ ಗಾಯಕವೃಂದವೂ ಅವರಿಗೆ ಆಸರೆ. ಗೋಡೆಯ ಹಲಗೆಯ ಮೇಲೆ ಅಂಕಿಗಳನ್ನು ಸಿಕ್ಕಿಸಿರುತ್ತಾರೆ; ಅವು ಅಂದಿನ ಗೀತೆಗಳ ಸಂಖ್ಯೆಗಳು. ಕರಾವಳಿಯ ಹಳೆಯ ಸಭೆಗಳಲ್ಲಿ ಕನ್ನಡ ಮಾತುಗಳು ಜರ್ಮನಿಯ ರಾಗಗಳಲ್ಲಿ, ನಾಲ್ಕು ಸ್ವರಗಳ ಮೇಳದಲ್ಲಿ ಕೇಳಿಬರುತ್ತವೆ. ಮರುಗಳಿಗೆಯಲ್ಲಿ ಕರ್ನಾಟಕ ಸಂಗೀತದ ಧಾಟಿಯ ಕೀರ್ತನೆಯೊಂದು ಬಂದರೂ ಬಂತು. ಹಾಡಲು ಬಾರದಿದ್ದರೆ ಸುಮ್ಮನೆ ನಿಂತಿರಬಹುದು. ನಾನು ಹಾಗೆಯೇ ಮಾಡುತ್ತೇನೆ. ನನ್ನ ಸ್ವರ ಅಷ್ಟರ ಮಟ್ಟಿಗೆ ಇದೆ.

ದಕ್ಷಿಣ ಭಾರತ ಸಭೆ—ಸಿ.ಎಸ್.ಐ. ಎಂದು ಎಲ್ಲರೂ ಕರೆಯುವುದು—1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದಯಿಸಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳವರು ಒಂದಾದದ್ದು ಆಗ ಕ್ರೈಸ್ತಜಗತ್ತಿನಲ್ಲೇ ಹೊಸ ಸಂಗತಿ. ಬೆಂಗಳೂರಿನಲ್ಲಿ ಒಂದು ವೃತ್ತಕ್ಕೇ ಹೆಸರು ಕೊಟ್ಟಿರುವ ಹಡ್ಸನ್ ಸ್ಮಾರಕ ದೇವಾಲಯ, 1904ರ ಕಟ್ಟಡ, ಈ ಸಭೆಗೆ ಸೇರಿದ್ದು. ಅದು ಕನ್ನಡದ ಸಭೆ. ಇಂಥಲ್ಲಿ ಹೋದರೆ ಕಾಣುವ ಕ್ರಮ ಹೆಚ್ಚುಕಡಮೆ ಹೀಗಿರುತ್ತದೆ: ಆರಂಭದ ಗೀತೆ, ಎಲ್ಲರೂ ಒಟ್ಟಾಗಿ ಹೇಳುವ ಪಾಪದ ಅರಿಕೆ, ಸತ್ಯವೇದದಿಂದ ಎರಡು ಮೂರು ಪಾಠಗಳು, ಪ್ರಸಂಗ, ವಿಶ್ವಾಸಪ್ರಮಾಣ, ದೇಶಕ್ಕಾಗಿ, ರೋಗಿಗಳಿಗಾಗಿ, ಅಳುವವರಿಗಾಗಿ ಪ್ರಾರ್ಥನೆ, ಕಾಣಿಕೆ, ಆಶೀರ್ವಾದ. ಒಂದೂವರೆ ಗಂಟೆಯ ಕಾರ್ಯ. ಪಾಪದ ಅರಿಕೆಯ ಹೊತ್ತಿನಲ್ಲಿ ಹೊಸಬರು ಕಸಿವಿಸಿಗೊಳ್ಳುವುದುಂಟು, ಇವರೆಲ್ಲ ಏನು ಪಾಪ ಮಾಡಿದ್ದಾರೆಂದು. ಅಲ್ಲಿ ಯಾರೂ ತಮ್ಮ ಮನೆಯ ಗುಟ್ಟನ್ನು ಹೊರಗೆಡಹುವುದಿಲ್ಲ. ಮಾಡಿದ್ದೂ ಮಾಡದೆ ಬಿಟ್ಟದ್ದೂ ಎರಡೂ ತಪ್ಪೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳುವ ಮಾತುಗಳು ಅವು. ಮಾವಿನ ಮರದಡಿ ನಿಂತವನಿಗೆ ಆ ಎರಡನೆಯದು ತಾಕದೆ ಇರಲಿಲ್ಲ.

ನಡುವೆ ಒಮ್ಮೆ ಎಲ್ಲರೂ ಅಕ್ಕಪಕ್ಕದವರ ಕಡೆ ತಿರುಗಿ ಕೈ ಹಿಡಿದು ಸಮಾಧಾನವನ್ನು ಹಾರೈಸುತ್ತಾರೆ. ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳಲ್ಲಿ ಹಿಡಿದು ದಾಟಿಸುವ ಈ ಪದ್ಧತಿಯನ್ನು ದಕ್ಷಿಣ ಭಾರತ ಸಭೆ 1950ರ ತನ್ನ ಆರಾಧನಾವಿಧಿಯಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿಂದ ಎತ್ತಿಕೊಂಡಿತು. ಅಲ್ಲಿಂದ ಮುಂದೆ ಪಶ್ಚಿಮದ ಸಭೆಗಳೂ ಇದರಿಂದ ಕಲಿತವು. ಹಡಗು ಯಾವಾಗಲೂ ಒಂದೇ ದಿಕ್ಕಿನಲ್ಲಿ ಚಲಿಸಿತೆಂದು ತಿಳಿಯುವವರು ಇದನ್ನು ಗಮನಿಸಬೇಕು. ಪಕ್ಕದವರು ಕೈ ಚಾಚಿದರೆ ನೀವೂ ಚಾಚಿ, ಕೈಮುಗಿದರೂ ಆಯಿತು. 2020ರ ಸೋಂಕಿನ ಬಳಿಕ ಅನೇಕ ಕಡೆ ಕೈಮುಗಿಯುವುದೇ ರೂಢಿಗೆ ಬಂದಿದೆ. ಕಾಣಿಕೆಯ ಚೀಲ ಬಂದಾಗ ಹಾಕಲೇಬೇಕೆಂಬ ದಾಕ್ಷಿಣ್ಯ ಬೇಡ. ಮುಂದಿನವರಿಗೆ ದಾಟಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು, ನಾನು ಎಡವಿದ ಕಡೆಗೆ ಬರುತ್ತೇನೆ. ತಿಂಗಳಿಗೆ ಒಂದೆರಡು ಭಾನುವಾರ ಪ್ರಾಟೆಸ್ಟಂಟ್ ಸಭೆಗಳಲ್ಲಿ, ಪ್ರತಿಯೊಂದು ಪೂಜೆಯಲ್ಲೂ ಕಥೋಲಿಕರಲ್ಲಿ, ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ ನಡೆಯುತ್ತದೆ. ಯೇಸು ತನ್ನನ್ನು ಹಿಡಿದೊಪ್ಪಿಸಿದ ರಾತ್ರಿ ಶಿಷ್ಯರೊಡನೆ ಕುಳಿತು ಉಂಡ ಕೊನೆಯ ಭೋಜನದ ಸ್ಮರಣೆ ಅದು. ಒಂದು ಊರಿನ ದೇವಾಲಯದಲ್ಲಿ ನನ್ನ ಸಾಲಿನವರೆಲ್ಲ ಎದ್ದು ಮುಂದೆ ನಡೆದರು, ನಾನೂ ನಡೆದೆ. ಅವರು ಮೊಣಕಾಲೂರಿದರು, ನಾನೂ ಊರಿದೆ. ಸಭಾಪಾಲಕರು ತಟ್ಟೆ ಹಿಡಿದು ಬಂದರು. ನಾನು ಬಲಗೈ ಚಾಚಿದೆ. ಹುಟ್ಟಿದಾರಭ್ಯ ದೇವರ ಮುಂದೆ ಚಾಚಿದ ಕೈ ಅದು. ತೀರ್ಥಪ್ರಸಾದವನ್ನು ಬೇಡವೆನ್ನುವುದೇ ಅಪಚಾರವೆಂದು ನನಗೆ ತಾಯಿ ಕಲಿಸಿದ್ದು. ಅವರು ನನ್ನ ಮುಖ ನೋಡಿ ಮೆಲ್ಲಗೆ, “ದೀಕ್ಷಾಸ್ನಾನ ಆಗಿದೆಯೇ?” ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ತಲೆಯ ಮೇಲೆ ಕೈಯಿಟ್ಟು ಎರಡು ಮಾತಿನ ಪ್ರಾರ್ಥನೆ ಹೇಳಿ ಮುಂದಿನವರ ಬಳಿಗೆ ಹೋದರು. ಬೇರೆ ಯಾರೂ ಗಮನಿಸಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಆರಾಧನೆ ಮುಗಿದ ಮೇಲೆ ಅವರು ಬಾಗಿಲಲ್ಲಿ ನನ್ನ ಕೈ ಹಿಡಿದು, “ತಪ್ಪು ನಮ್ಮದು, ಹೊಸಬರಿದ್ದಾರೆಂದು ಮೊದಲೇ ಹೇಳಬೇಕಾಗಿತ್ತು” ಎಂದರು.

ಅವರು ವಿವರಿಸಿದ್ದು ಇಷ್ಟು. ನಮ್ಮ ಪ್ರಸಾದ ಬಂದವರೆಲ್ಲರಿಗೆ, ಹಂಚಿದಷ್ಟೂ ಪುಣ್ಯ. ಇಲ್ಲಿಯ ರೊಟ್ಟಿ ಒಂದು ಒಡಂಬಡಿಕೆಯ ಗುರುತು. ಅದನ್ನು ತಿನ್ನುವವನು ತಾನು ಕ್ರಿಸ್ತನಿಗೂ ಈ ಸಮುದಾಯಕ್ಕೂ ಸೇರಿದವನೆಂದು ಎಲ್ಲರೆದುರು ಒಪ್ಪಿಕೊಂಡಂತೆ. ಹಾಗೆ ಒಪ್ಪದವನ ಬಾಯಿಗೆ ಅದನ್ನು ಹಾಕಿ ಅವನು ಹೇಳದ ಮಾತನ್ನು ಅವನಿಂದ ಹೇಳಿಸಬಾರದು. ಕೊಡದಿರುವುದರ ಹಿಂದೆ ಮಡಿಮೈಲಿಗೆಯ ಭಾವನೆ ಇದ್ದೀತೆಂದು ಹೆದರಿದ್ದ ನನಗೆ ಈ ಮಾತು ನ್ಯಾಯವಾಗಿ ಕಂಡಿತು. ಕ್ರೈಸ್ತರಲ್ಲೂ ಇದಕ್ಕೆ ಗಡಿಗಳುಂಟು: ದಕ್ಷಿಣ ಭಾರತ ಸಭೆಯವರು ಇತರ ಸಭೆಗಳ ಸಂಸ್ಕಾರವಂತರನ್ನೂ ಪಂಕ್ತಿಗೆ ಕರೆಯುತ್ತಾರೆ, ಕಥೋಲಿಕರು ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ ಆ ಹೊತ್ತಿನಲ್ಲಿ ಅತಿಥಿಯಾದವನು ಕುಳಿತಲ್ಲೇ ಕುಳಿತು, ದಾಟುವವರಿಗೆ ಮೊಣಕಾಲು ಸರಿಸಿ ದಾರಿ ಬಿಟ್ಟರೆ ಸಾಕು. ಕೆಲವೆಡೆ ಎರಡೂ ತೋಳುಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಂಡು ಹೋದರೆ ಬರಿಯ ಆಶೀರ್ವಾದ ಕೊಡುವ ವಾಡಿಕೆಯಿದೆ. ಇಡೀ ಆರಾಧನೆಯಲ್ಲಿ ಹೊರಗಿನವನಿಗೆ ಇರುವ ಗೆರೆ ಇದೊಂದೇ. ಇದನ್ನು ತಿಳಿದವನಿಗೆ ಉಳಿದುದರಲ್ಲಿ ಅಂಜಿಕೆಗೆ ಕಾರಣವಿಲ್ಲ.

ಕಥೋಲಿಕರ ದೇವಾಲಯದಲ್ಲಿ ಬಾಗಿಲ ಬಳಿ ಪವಿತ್ರ ಜಲದ ಪಾತ್ರೆಯಿರುತ್ತದೆ; ಬರುವವರು ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಮುಂದೆ ಪೀಠದ ಸಮೀಪದಲ್ಲಿ ಒಂದು ಚಿಕ್ಕ ಪೆಟ್ಟಿಗೆ, ಅದರ ಬಳಿ ನಂದದ ದೀಪ: ಪವಿತ್ರೀಕರಿಸಿದ ರೊಟ್ಟಿಯನ್ನು ಅದರಲ್ಲಿಟ್ಟಿರುವುದರಿಂದ ಅವರು ಮಂಡಿ ಬಾಗಿಸುತ್ತಾರೆ. ನೀವು ತಲೆಬಾಗಿದರೆ ಸಾಕು. ಪೂಜೆ ಯಾವ ಗಂಟೆಗೆ ಯಾವ ಭಾಷೆಯಲ್ಲಿ ಎಂಬ ಫಲಕವನ್ನು ಮೊದಲು ಓದಿಕೊಳ್ಳಿ. ಕನ್ನಡ, ಕೊಂಕಣಿ, ತಮಿಳು, ಇಂಗ್ಲಿಷ್ ಸರದಿಯ ಮೇಲೆ ಬರುವ ಊರುಗಳಲ್ಲಿ ಒಂದು ಗಂಟೆ ತಪ್ಪಿದರೆ ಭಾಷೆಯೇ ಬದಲಾಗಿರುತ್ತದೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಇದಾವ ತೊಡಕೂ ಇರಲಿಲ್ಲ. ಎಲ್ಲ ಕಡೆಯೂ ಲ್ಯಾಟಿನ್, ಎಲ್ಲರಿಗೂ ಸಮನಾಗಿ ಅರ್ಥವಾಗದು!

ಆ ಮಹಾಸಭೆಯ ಬೆನ್ನಲ್ಲೇ 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡ 12 ಮಾರ್ಪಾಡುಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು: ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಅಂಜಲಿಬದ್ಧ ನಮಸ್ಕಾರ, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಮೊದಲಾದವು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಕಥೋಲಿಕರ ರಾಷ್ಟ್ರೀಯ ಬೈಬಲ್ ಮತ್ತು ಆರಾಧನಾವಿಧಿ ಕೇಂದ್ರ ಈ ಪ್ರಯೋಗಗಳಿಗೆ ಮನೆಯಾಯಿತು. ಎಲ್ಲ ಕಥೋಲಿಕರೂ ಇವನ್ನು ಒಪ್ಪಲಿಲ್ಲ. ಇವು ಎಲ್ಲ ಕಡೆ ಬಳಕೆಗೂ ಬರಲಿಲ್ಲ. ಆದರೆ ಬಂದಲ್ಲಿ ಹೊಸಬನು ತಾನು ಬೇರೆಲ್ಲಿಗೋ ಬಂದೆನೇ ಎಂದು ಬೆರಗಾಗುತ್ತಾನೆ. ಕರಾವಳಿಯವರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೋಗಿರೆಂದು ಹೇಳುತ್ತೇನೆ: ಮಕ್ಕಳು ಹೂವು ಎರಚುತ್ತಾರೆ, ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಮನೆಗೆ ಒಯ್ದು ಹೊಸಕ್ಕಿಯ ಊಟ ಮಾಡುತ್ತಾರೆ. ಹೊಸತು ಕಟ್ಟುವ ನಮ್ಮ ಹಬ್ಬವನ್ನು ಬಲ್ಲವರಿಗೆ ಅಲ್ಲಿ ವ್ಯಾಖ್ಯಾನ ಬೇಕಾಗದು.

ಇವೆರಡಕ್ಕಿಂತ ತೀರ ಭಿನ್ನವಾದ, ಇಂದು ನಗರಗಳಲ್ಲಿ ಹೆಚ್ಚುತ್ತಿರುವ ಬಗೆಯೊಂದಿದೆ. ಗೋಪುರವಿಲ್ಲ, ಗಂಟೆಯಿಲ್ಲ, ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ವೇದಿಕೆಯ ಮೇಲೆ ಗಿಟಾರು ಮತ್ತು ಡ್ರಮ್ಮು, ಹಾಡಿನ ಸಾಲುಗಳನ್ನು ತೋರಿಸುವ ದೊಡ್ಡ ಪರದೆ. ಕಾಣಿಕೆಗೂ ಗೋಡೆಯ ಮೇಲೆ ಫೋನಿನಿಂದ ಹಣ ಕಳಿಸುವ ಚೌಕದ ಗುರುತು ಅಂಟಿಸಿರುತ್ತಾರೆ. ಹಾಡು ಆರಂಭವಾದರೆ ಮುಕ್ಕಾಲು ಗಂಟೆ ನಿಲ್ಲದಿರಬಹುದು. ಕೈ ಎತ್ತುವವರು, ಕಣ್ಣೀರಿಡುವವರು, ಎಲ್ಲರೂ ಏಕಕಾಲದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು, ಯಾರಿಗೂ ತಿಳಿಯದ ನುಡಿಯಲ್ಲಿ ಕೆಲವರು ಮಾತಾಡುವುದು—ಹೊಸಬನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಒಂದು ಬಡ ಬೀದಿಯಲ್ಲಿ ಎದ್ದ ಪೆಂಟೆಕೋಸ್ಟ್ ಜಾಗೃತಿಯಿಂದ ಜಗತ್ತಿಗೆಲ್ಲ ಹರಡಿದ ರೀತಿ ಇದು; ಪವಿತ್ರಾತ್ಮನ ವರವೆಂದು ಅವರು ಇದನ್ನು ನಂಬುತ್ತಾರೆ. ಅನೇಕ ಕಡೆ ಪ್ರಸಂಗ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ನಿಂತವರೊಬ್ಬರು ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತಾರೆ. ಭಾಷಾಂತರಕಾರರು ಮೂಲಕ್ಕಿಂತ ಹೆಚ್ಚು ಆವೇಶಗೊಂಡುದನ್ನು ನಾನು ನೋಡಿದ್ದೇನೆ.

ಇಲ್ಲಿ ಎರಡು ಗಳಿಗೆಗಳಿಗೆ ಸಿದ್ಧವಾಗಿರಬೇಕು. ಮೊದಲ ಬಾರಿ ಬಂದವರು ಎದ್ದು ನಿಲ್ಲಿರೆಂದು ಕರೆದು, ಚಪ್ಪಾಳೆ ತಟ್ಟಿ, ಹೆಸರು ಮತ್ತು ಫೋನಿನ ಸಂಖ್ಯೆ ಬರೆಯುವ ಚೀಟಿ ಕೊಡುವುದುಂಟು. ಆದರದಿಂದ ಮಾಡುವ ಕಾರ್ಯವೇ ಆದರೂ ಸಂಕೋಚದವರಿಗೆ ಅದು ಕಷ್ಟ. ಎದ್ದು ನಿಲ್ಲದಿದ್ದರೆ, ಚೀಟಿ ತುಂಬದಿದ್ದರೆ ಅವಿನಯವಾಗದು. ಪ್ರಸಂಗದ ಕೊನೆಗೆ ಕ್ರಿಸ್ತನನ್ನು ಒಪ್ಪುವವರು, ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿರೆಂದು ಇನ್ನೊಂದು ಕರೆ ಬರುತ್ತದೆ. ಮನಸ್ಸಿಲ್ಲದವರು ಕುಳಿತಿರಬೇಕು, ದಾಕ್ಷಿಣ್ಯಕ್ಕೆ ಏಳಬಾರದು. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಪ್ರಾರ್ಥನೆಯನ್ನು ಸ್ವೀಕರಿಸಿದರೂ ವೈದ್ಯರು ಕೊಟ್ಟ ಮಾತ್ರೆಯನ್ನು ಯಾರ ಮಾತಿಗೂ ನಿಲ್ಲಿಸಬೇಡಿ.

ಹೋದರೆ ನಮ್ಮನ್ನು ಅವರ ಮತಕ್ಕೆ ಸೇರಿಸಿಬಿಡುತ್ತಾರೆಯೇ ಎಂದು ಪಿಸುಮಾತಿನಲ್ಲಿ ಕೇಳುವವರಿದ್ದಾರೆ. ಕ್ರೈಸ್ತನಾಗುವುದು ದೀಕ್ಷಾಸ್ನಾನದಿಂದ. ಕಥೋಲಿಕರು 1972ರಲ್ಲಿ ವಯಸ್ಕರಿಗಾಗಿ ಪುನಃ ರೂಪಿಸಿದ ಕ್ರಮದಲ್ಲಿ ಬಹುದಿನಗಳ ಉಪದೇಶ, ಪರೀಕ್ಷೆಗಳನ್ನು ದಾಟಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ದೀಕ್ಷೆ. ಹಳೆಯ ಪ್ರಾಟೆಸ್ಟಂಟ್ ಸಭೆಗಳಲ್ಲೂ ಕಲಿಕೆಯ ಅವಧಿಯುಂಟು. ಹೊಸ ಸಭೆಗಳಲ್ಲಿ ಅವಸರ ಹೆಚ್ಚೆಂದು ಕ್ರೈಸ್ತ ಹಿರಿಯರೇ ಗೊಣಗುವುದನ್ನು ಕೇಳಿದ್ದೇನೆ. ಅಲ್ಲಿಯೂ ನೀರಿಗಿಳಿಯಬೇಕಾದವನು ತಾನೇ ಇಳಿಯಬೇಕು. ಭಾನುವಾರ ಬೆಂಚಿನ ಮೇಲೆ ಕುಳಿತು ಎದ್ದುಬಂದವನು ಹೋದಂತೆಯೇ ಮನೆಗೆ ಹಿಂದಿರುಗುತ್ತಾನೆ.

ಮದುವೆಯ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ವಧು ಬರುವಾಗ ಎಲ್ಲರೂ ಏಳುತ್ತಾರೆ. ಪ್ರಮಾಣವಚನಗಳ ಹೊತ್ತಿನಲ್ಲಿ ಮಾತು ನಿಲ್ಲಿಸಬೇಕು, ಫೋನು ಹಿಡಿದು ನಡುದಾರಿಗೆ ನುಗ್ಗಬಾರದು. ಉಂಗುರದೊಡನೆ ತಾಳಿ ಕಟ್ಟುವುದೂ ನಮ್ಮ ಕಡೆ ಉಂಟು.

ಮರಣದ ಮನೆಯದು ಬೇರೆ. ಪೆಟ್ಟಿಗೆಯನ್ನು ಪೀಠದ ಮುಂದೆ ಇಟ್ಟಿರುತ್ತಾರೆ. ಗೀತೆ, ಪಾಠ, ಪುನರುತ್ಥಾನವನ್ನು ಕುರಿತ ಪ್ರಸಂಗ, ಮೃತರನ್ನು ಬಲ್ಲವರ ಒಂದೆರಡು ಮಾತು. ಆ ಮಾತಿಗೆ ಬೇರೆ ಮತದ ಗೆಳೆಯರನ್ನು ಕರೆಯುವುದೂ ಉಂಟು. ಕೊನೆಗೆ ಹೂವಿಟ್ಟು ಕೈಮುಗಿಯಬಹುದು. ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಹಿಡಿ ಮಣ್ಣು ಹಾಕುತ್ತಾರೆ, ನೀವೂ ಹಾಕಬಹುದು. ಮನೆಗೆ ಹೋಗಿ ಸ್ನಾನ ಮಾಡುವುದು ನಿಮ್ಮ ಪದ್ಧತಿಯಾದರೆ ಅದನ್ನು ಯಾರೂ ಕೇಳಲು ಬರುವುದಿಲ್ಲ.

ಗೆಳೆಯರ ಪತ್ನಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅಂಗಳದಲ್ಲಿ, ಅದೇ ಮಾವಿನ ಮರದಡಿ, ಕೊಡೆ ಹಿಡಿದು ಏಳೆಂಟು ಮಂದಿ ನಿಂತಿದ್ದರು. ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಬನ್ನಿರೆಂದು ಅವರನ್ನೂ ಕರೆದುಕೊಂಡು ಒಳಗೆ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತೆವು. ಗೀತೆ ಆರಂಭವಾದಾಗ ಪಕ್ಕದ ಹುಡುಗನೊಬ್ಬ ಪುಟ ಹುಡುಕಿ ಪುಸ್ತಕವನ್ನು ನನ್ನ ಕಡೆಗೆ ಸರಿಸಿದ. ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದೆ. ಪುಸ್ತಕವನ್ನು ಸುಮ್ಮನೆ ಹಿಡಿದುಕೊಂಡು ನಿಂತೆ.